ಮರಗೆಣಸು ತುರಿಯುವ ಯಂತ್ರ ಬಂದ ಮೇಲೆ ಗಾರಿಯ ಕಾಸು ಯಾರ ಕೈಗೆ?

ಒಗುನ್ ದಂಡೆ

ನೈಜೀರಿಯಾದ ಅಬೆಯೊಕುಟಾ ಪಟ್ಟಣದ ಹೊರವಲಯಕ್ಕೆ ನಾವು ಬಂದು ಎಂಟು ವರ್ಷವಾಯಿತು. ಮೂಲ ಊರು ಹಾಸನದ ಕಡೆ. ಮನೆಯಿಂದ ಕಾಲು ಗಂಟೆ ನಡೆದರೆ ಒಂದು ತಗಡಿನ ಚಪ್ಪರವಿದೆ. ಅದರಡಿಯಲ್ಲಿ ಹನ್ನೊಂದು ಹೆಂಗಸರು ಮರಗೆಣಸಿನಿಂದ ಗಾರಿ ಮಾಡುತ್ತಾರೆ. ಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ, ಜರಡಿ ಹಿಡಿದು ಹುರಿದರೆ ಸಿಗುವ ರವೆಯಂಥ ಪದಾರ್ಥವೇ ಗಾರಿ. ಕುದಿಯುವ ನೀರಿಗೆ ಹಾಕಿ ತಿರುವಿದರೆ ಎಬಾ ಆಗುತ್ತದೆ. ಅದನ್ನು ನಮ್ಮ ರಾಗಿ ಮುದ್ದೆಯ ಹಾಗೆಯೇ ಮುರಿದು, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಪರದೇಶದಲ್ಲಿ ನನ್ನ ನಾಲಿಗೆಗೆ ಮೊದಲು ಒಗ್ಗಿದ್ದು ಇದೇ ಊಟ.

ಜಗತ್ತಿನಲ್ಲಿ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ ನೈಜೀರಿಯಾ. ವರ್ಷಕ್ಕೆ ಸುಮಾರು 6 ಕೋಟಿ ಟನ್. ಆದರೆ ಕಿತ್ತ ಗೆಣಸು ಎರಡು ಮೂರು ದಿನಗಳಲ್ಲಿ ಒಳಗೆ ನೀಲಿಗೆರೆ ಬಿದ್ದು ಕೆಡುತ್ತದೆ. ಆದ್ದರಿಂದ ಬಂದ ದಿನವೇ ಸುಲಿಯಬೇಕು. ಗುಂಪಿನ ಹಿರಿಯಾಕೆಯನ್ನು ನಾನು 'ಇಯಾ' ಎಂದೇ ಕರೆಯುತ್ತೇನೆ. ಯೊರುಬಾ ಭಾಷೆಯಲ್ಲಿ ಇಯಾ ಎಂದರೆ ತಾಯಿ. ಅವರು ಗಿಡ್ಡ ಮಣೆಯ ಮೇಲೆ ಕುಳಿತು ಗೆಣಸಿನ ಎರಡೂ ತುದಿ ಕತ್ತರಿಸುತ್ತಾರೆ, ಉದ್ದಕ್ಕೆ ಒಂದು ಗೀರು ಎಳೆಯುತ್ತಾರೆ, ಚಾಕುವಿನ ಮೊನೆಯನ್ನು ಸಿಪ್ಪೆಯಡಿ ತೂರಿಸಿ ಹೆಬ್ಬೆರಳಿನಿಂದ ಒತ್ತುತ್ತಾರೆ. ಕಂದು ಹೊರಸಿಪ್ಪೆ, ಅದರ ಕೆಳಗಿನ ದಪ್ಪ ಒಳಸಿಪ್ಪೆ ಎರಡೂ ಒಟ್ಟಿಗೆ ಬಿಚ್ಚಿಕೊಂಡು ಬರುತ್ತವೆ. ಅವರ ಬಲ ಹೆಬ್ಬೆರಳಿನ ಬದಿ ಚಪ್ಪಲಿಯ ತೊಗಲಿನಷ್ಟು ಗಡುಸಾಗಿದೆ.

ಸುಲಿದದ್ದನ್ನು ತೊಳೆದು ತುರಿಯಬೇಕು. ತುರಿದದ್ದನ್ನು ಚೀಲಕ್ಕೆ ತುಂಬಿ, ಮೇಲೆ ಭಾರ ಹೇರಿ ಎರಡು ಮೂರು ದಿನ ಬಿಡಬೇಕು. ಮೊದಲು ಕಲ್ಲು ಹೇರುತ್ತಿದ್ದರಂತೆ, ಈಗ ಲಾರಿಯ ಜಾಕ್ ಇಟ್ಟು ಬಿಗಿಯುತ್ತಾರೆ. ಹುಳಿನೀರು ಸೋರಿಹೋಗಿ ಚೀಲದೊಳಗೆ ಗಟ್ಟಿ ಹೆಂಟೆ ಉಳಿಯುತ್ತದೆ. ಅದನ್ನು ಪುಡಿಮಾಡಿ ಜರಡಿ ಹಿಡಿದು, ಅಗಲವಾದ ಬಾಣಲೆಯಲ್ಲಿ ಹುರಿಯುವುದು ಕೊನೆಯ ಕೆಲಸ. ಹುರಿಯುವಾಗ ಅವರು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಒದ್ದೆ ಹಿಟ್ಟು ಸದ್ದಿಲ್ಲದೆ ಹೊರಳುತ್ತದೆ. ಹದ ಹತ್ತಿರವಾದಂತೆ ಒಣ ಮರಳು ಜಾರಿದ ಹಾಗೆ ಸರಸರ ಸದ್ದು ಏಳುತ್ತದೆ. ಆ ಸದ್ದು ಬಂದ ಕೂಡಲೇ ಸೌದೆ ಹಿಂದಕ್ಕೆ ಎಳೆಯದಿದ್ದರೆ ಬಾಣಲೆಯಲ್ಲಿದ್ದುದೆಲ್ಲ ಸೀದುಹೋಗುತ್ತದೆ.

ಈಗ ನನ್ನನ್ನು ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಇಷ್ಟು ಕೆಲಸಗಳಲ್ಲಿ ಎಂಜಿನ್ ಬಂದಿರುವುದು ತುರಿಯುವುದಕ್ಕೆ ಮಾತ್ರ. ಆ ಎಂಜಿನ್ ಇರುವುದು ಒಬ್ಬ ಗಂಡಸಿನ ಹೆಸರಿನಲ್ಲಿ. ಬುಟ್ಟಿಗೆ ಇಷ್ಟು ಎಂದು ಕಾಸು ಎಣಿಸಿಕೊಟ್ಟು ಹೆಂಗಸರು ತುರಿಸುತ್ತಾರೆ. ಗೆಣಸಿನ ಬೆಲೆ ಏರಲಿ, ಗಾರಿಯ ಬೆಲೆ ಇಳಿಯಲಿ, ತುರಿಯುವ ಕೂಲಿ ಮಾತ್ರ ಮೊದಲೇ ಅವನ ಕೈ ಸೇರುತ್ತದೆ. ದಿನವಿಡೀ ಸುಲಿಯುವವರಿಗೆ, ಹೊಗೆಯಲ್ಲಿ ಕುಳಿತು ಹುರಿಯುವವರಿಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಕಡೆ ಇಂಥದ್ದನ್ನು ಕಂಡವರಿದ್ದರೆ ಬರೆಯಿರಿ. ಯಂತ್ರ ಬಂದಾಗ ಹೆಂಗಸರ ಕೆಲಸದ ಗತಿ ಏನಾಯಿತು, ಕಾಸಿನ ಗತಿ ಏನಾಯಿತು?

ಬದಿಯಡ್ಕದ ಕೃಷಿಕ

ಅಕ್ಕಾ, ನಿಮ್ಮ ಬರಹ ಓದಿ ನಮ್ಮ ಅಂಗಳವೇ ಕಣ್ಣಮುಂದೆ ಬಂತು. ಕಾಸರಗೋಡಿನ ನಮ್ಮ ಗುಡ್ಡದ ಆಚೆ ಬದಿಯಲ್ಲಿ ತೆಂಕಣ ಕೇರಳದಿಂದ ವಲಸೆ ಬಂದ ಕುಟುಂಬಗಳಿವೆ. ನಾವು ಮರಗೆಣಸು ಎನ್ನುತ್ತೇವೆ, ತುಳುವರು ಮರಕೆರೆಂಗ್ ಎನ್ನುತ್ತಾರೆ, ಅವರು ಕಪ್ಪ ಎನ್ನುತ್ತಾರೆ. 1880ರ ದಶಕದಲ್ಲಿ ತಿರುವಾಂಕೂರಿನ ಅರಸ ವಿಶಾಖಂ ತಿರುನಾಳ್ ಈ ಬೆಳೆಗೆ ಒತ್ತುಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ಅಲ್ಲಿನ ಬಡವರ ಹೊಟ್ಟೆ ತುಂಬಿಸಿದ್ದು ಇದೇ ಕಪ್ಪ.

ಬೇಸಿಗೆಯಲ್ಲಿ ಅವರ ಮನೆಯಲ್ಲಿ ಕಪ್ಪ ವಾಟುವ ದಿನ ಎಂದು ಇರುತ್ತಿತ್ತು. ಗಂಡಸರು ಕಿತ್ತು ಹೊತ್ತು ತರುವುದು, ನೆರೆಕರೆಯ ಹೆಂಗಸರೆಲ್ಲ ಸಾಲಾಗಿ ಕುಳಿತು ಸುಲಿದು ಬಿಲ್ಲೆ ಮಾಡುವುದು. ದೊಡ್ಡ ಹಂಡೆಯಲ್ಲಿ ಅರೆಬೇಯಿಸಿ, ನೀರು ಬಸಿದು, ಪಾದೆಕಲ್ಲಿನ ಮೇಲೆ ಹರಡುತ್ತಿದ್ದರು. ಇಂದು ನಮ್ಮಲ್ಲಿ, ನಾಳೆ ನಿಮ್ಮಲ್ಲಿ. ಕೂಲಿಯ ಮಾತೇ ಇರಲಿಲ್ಲ, ಮುಯ್ಯಿಗೆ ಮುಯ್ಯಿ. ನನ್ನ ಅಮ್ಮನೂ ಹೋಗುತ್ತಿದ್ದರು. ಹಂಡೆಗೆ ಮುಚ್ಚಳ ಹಾಕಲು ಹೋದ ನನಗೆ ಅಲ್ಲಿನ ಅಜ್ಜಿ ಕೈಗೆ ಹೊಡೆದು "ಮುಚ್ಚಬಾರದು, ಹೊಗೆಯೊಂದಿಗೆ ವಿಷ ಹೋಗಬೇಕು" ಎಂದದ್ದು ಈಗಲೂ ನೆನಪಿದೆ.

ಈಗ ರಬ್ಬರ್ ಬಂದು ಗೆಣಸಿನ ಜಾಗ ಕಡಿಮೆಯಾಗಿದೆ. ಒಟ್ಟು ಕುಳಿತು ಸುಲಿಯುವುದೂ ನಿಂತಿದೆ.

ತುಮಕೂರಿನ ಎಂಜಿನಿಯರ್

ಮೇಡಂ, ನಿಮ್ಮ ಕಾಳಜಿಯ ಬಗ್ಗೆ ಗೌರವವಿದೆ. ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಎಂಜಿನ್ ಬರುವ ಮೊದಲು ತಗಡಿಗೆ ಮೊಳೆಯಿಂದ ತೂತು ಹೊಡೆದು, ಅದರ ಮೇಲೆ ಕೈಯಿಂದ ಗೆಣಸು ಉಜ್ಜುತ್ತಿದ್ದರಲ್ಲವೇ? ಕ್ವಿಂಟಲ್‌ಗಟ್ಟಲೆ ಗೆಣಸನ್ನು ಹಾಗೆ ಉಜ್ಜಿದರೆ ಬೆರಳಿನ ಚರ್ಮ ಉಳಿಯುವುದಿಲ್ಲ. ಆ ನರಕವನ್ನು ಯಂತ್ರ ತಪ್ಪಿಸಿದೆ. ಅದನ್ನು ಕೊಂಡವನು ಬಂಡವಾಳ ಹಾಕಿದ್ದಾನೆ, ಡೀಸೆಲ್ ಹಾಕುತ್ತಾನೆ, ರಿಪೇರಿ ಮಾಡಿಸುತ್ತಾನೆ. ಬಾಡಿಗೆ ತೆಗೆದುಕೊಳ್ಳುವುದರಲ್ಲಿ ತಪ್ಪೇನು? ನಮ್ಮ ಹಳ್ಳಿಯ ಹಿಟ್ಟಿನ ಗಿರಣಿಯೂ ಹೀಗೆಯೇ ಬಂತು. ಬೀಸುವ ಕಲ್ಲು ವಾಪಸ್ ಬರಲಿ ಎಂದು ನಮ್ಮ ತಾಯಿ ಒಂದು ದಿನವೂ ಹೇಳಿದ್ದಿಲ್ಲ.

ಒಗುನ್ ದಂಡೆ

ಎಂಜಿನಿಯರ್ ಅವರೇ, ತುರಿಮಣೆ ವಾಪಸ್ ಬರಲಿ ಎಂದು ನಾನೂ ಹೇಳುತ್ತಿಲ್ಲ. ಇಯಾ ಅವರ ಎಡಗೈಯಲ್ಲಿ ಇಂದಿಗೂ ಆ ಗಾಯದ ಕಲೆಗಳಿವೆ. ಯಂತ್ರದ ಚರಿತ್ರೆ ಹಳೆಯದು. ಈಗ ಬೆನಿನ್ ಎನ್ನುವ ದೇಶದಲ್ಲಿ 1930ರ ದಶಕದಲ್ಲೇ ಫ್ರೆಂಚರು ತುರಿಯುವ ಯಂತ್ರ ತಂದಿದ್ದರು. ನನ್ನ ಪ್ರಶ್ನೆ ಬಂಡವಾಳದ್ದು. ಆ ಎಂಜಿನ್ ಕೊಳ್ಳುವ ಕಾಸು ಅವನಿಗೆ ಎಲ್ಲಿಂದ ಬಂತು, ಮೂವತ್ತು ವರ್ಷ ಗಾರಿ ಹುರಿದ ಇಯಾ ಅವರಿಗೆ ಏಕೆ ಬರಲಿಲ್ಲ?

ಅವನಿಗೆ ಜಮೀನಿತ್ತು, ಅದನ್ನು ತೋರಿಸಿ ಸಾಲ ಎತ್ತಿದ. ಇಯಾ ಅವರ ಹೆಸರಿನಲ್ಲಿ ಜಮೀನಿಲ್ಲ. ಗಂಡ ಇದ್ದಾಗ ಗಂಡನ ಹೊಲ, ಈಗ ಮೈದುನನ ಹೊಲ. ವರ್ಷಕ್ಕೊಮ್ಮೆ ಕೇಳಿ ಪಡೆಯಬೇಕು. ಮರಗೆಣಸು ಬಲಿಯಲು ಒಂಬತ್ತರಿಂದ ಹದಿನೆಂಟು ತಿಂಗಳು ಬೇಕು. ನೆಟ್ಟ ಕೋಲು ಗೆಣಸಾಗುವ ಮೊದಲೇ ಹೊಲ ಕೈತಪ್ಪಬಹುದು ಎನ್ನುವ ಭಯದಲ್ಲಿ ನೆಡುತ್ತಾರೆ.

ದೇಶದ ಆಗ್ನೇಯ ಭಾಗದ ಇಗ್ಬೊ ಜನರ ಕಥೆ ಇನ್ನೂ ಸ್ಪಷ್ಟ. ಅಲ್ಲಿ ಯಾಮ್ ಎನ್ನುವ ಹೆಗ್ಗೆಣಸು ಗಂಡಿನ ಬೆಳೆ. ಅದಕ್ಕೆ ಹೊಸಬೆಳೆಯ ಹಬ್ಬವಿದೆ, ಹೆಚ್ಚು ಬೆಳೆದವನಿಗೆ ಬಿರುದಿದೆ. ಮರಗೆಣಸು ಹೆಣ್ಣಿನ ಬೆಳೆ. ಹೆಗ್ಗೆಣಸಿನ ದಿಬ್ಬಗಳ ನಡುವೆ, ಸವೆದ ಮಣ್ಣಿನಲ್ಲಿ ಹೆಂಗಸರು ಅದನ್ನು ಚುಚ್ಚಿಕೊಳ್ಳುತ್ತಿದ್ದರು. ಹಬ್ಬವಿಲ್ಲ, ಬಿರುದೂ ಇಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಜನ ಸತ್ತು, ಹೆಗ್ಗೆಣಸಿನ ಭಾರೀ ದುಡಿಮೆಗೆ ಆಳುಗಳಿಲ್ಲದಂತಾದಾಗ ಊರನ್ನು ಉಳಿಸಿದ್ದು ಹೆಂಗಸರ ಈ ಬೆಳೆ. 1967ರಿಂದ 1970ರವರೆಗಿನ ಬಿಯಾಫ್ರಾ ಯುದ್ಧದ, ಅಂದರೆ ನೈಜೀರಿಯಾದ ಅಂತರ್ಯುದ್ಧದ, ಹಸಿವಿನಲ್ಲಿಯೂ ಜನರು ಮರಗೆಣಸನ್ನೇ ನೆಚ್ಚಿಕೊಂಡರು. ಆಮೇಲೆ ಪಟ್ಟಣಗಳು ಬೆಳೆದವು, ಗಾರಿಗೆ ಸಂತೆಯಲ್ಲಿ ಬೆಲೆ ಬಂತು, ಗಂಡಸರೂ ಮರಗೆಣಸಿನ ಹೊಲಕ್ಕೆ ಇಳಿದರು. ಕಾಸು ತರುವ ಬೆಳೆಯಾದ ಮೇಲೆ ಅದು ಹೆಣ್ಣಿನ ಬೆಳೆಯಾಗಿ ಉಳಿಯಲಿಲ್ಲ. ಸುಲಿಯುವುದು, ಹುರಿಯುವುದು ಮಾತ್ರ ಹೆಣ್ಣಿನದಾಗಿಯೇ ಉಳಿಯಿತು.

ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲಿಲ್ಲ ಎನ್ನುವ ಇಗ್ಬೊ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ನೈಜೀರಿಯಾದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 2014ರಲ್ಲಿ. ನಮ್ಮ ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ಕಾನೂನು 1994ರಲ್ಲೇ ಆಯಿತು. ಆದರೂ ನಮ್ಮ ಮನೆಗಳಲ್ಲಿ ಎಷ್ಟು ಪಹಣಿಗಳಲ್ಲಿ ಅಕ್ಕತಂಗಿಯರ ಹೆಸರಿದೆ? ನನ್ನ ತವರಿನ ಪಹಣಿಯಲ್ಲಿ ನನ್ನ ಹೆಸರಿಲ್ಲ. ನಾನು ಕೇಳಿಯೂ ಇಲ್ಲ.

ಧಾರವಾಡದ ನಿವೃತ್ತ ಅಧ್ಯಾಪಕಿ

ನಾನು ಮೂವತ್ತೊಂದು ವರ್ಷ ಆಹಾರ ವಿಜ್ಞಾನ ಕಲಿಸಿದವಳು. ಮೇಲೆ ಬದಿಯಡ್ಕದವರು ಬರೆದ ಅಜ್ಜಿಯ ಮಾತನ್ನು ದಯವಿಟ್ಟು ಎಲ್ಲರೂ ಮತ್ತೊಮ್ಮೆ ಓದಿರಿ. ಆ ಒಂದು ವಾಕ್ಯದಲ್ಲಿ ನನ್ನ ಒಂದು ತಾಸಿನ ಪಾಠವಿದೆ.

ಮರಗೆಣಸಿನಲ್ಲಿ ಲಿನಾಮರಿನ್ ಎನ್ನುವ ವಸ್ತು ಇರುತ್ತದೆ. ಅದನ್ನು ಒಡೆಯುವ ಕಿಣ್ವವೂ ಅದೇ ಗೆಣಸಿನಲ್ಲಿ, ಆದರೆ ಬೇರೆ ಜಾಗದಲ್ಲಿ ಇರುತ್ತದೆ. ತುರಿದಾಗ ಜೀವಕೋಶ ಒಡೆದು ಎರಡೂ ಸೇರುತ್ತವೆ, ಕೊನೆಗೆ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅದು ಆವಿಯಾಗಿ ಹೋಗುತ್ತದೆ. ಅಂದರೆ ಗಾರಿ ಮಾಡುವ ಹೆಂಗಸರ ಒಂದೊಂದು ಹೆಜ್ಜೆಗೂ ಕಾರಣವಿದೆ. ತುರಿಯುವುದು ವಿಷವನ್ನು ಬಿಡಿಸುತ್ತದೆ, ಹುಳಿ ಬರಿಸುತ್ತ ಹಿಂಡುವುದು ನೀರಿನೊಂದಿಗೆ ಹೊರಹಾಕುತ್ತದೆ, ಹುರಿಯುವುದು ಉಳಿದದ್ದನ್ನು ಗಾಳಿಗೆ ಬಿಡುತ್ತದೆ. ಈ ಕ್ರಮವನ್ನು ಮೊದಲು ಕಂಡುಕೊಂಡವರು ದಕ್ಷಿಣ ಅಮೆರಿಕದ ಮೂಲನಿವಾಸಿಗಳು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಗೆಣಸನ್ನು ಆಫ್ರಿಕಾಕ್ಕೆ ಒಯ್ದರು. ಬ್ರೆಜಿಲ್‌ನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾಗಿ ಪಶ್ಚಿಮ ಆಫ್ರಿಕಾಕ್ಕೆ ಮರಳಿದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಹದಮಾಡುವ ವಿದ್ಯೆಯನ್ನೂ ಹರಡಿದರು.

ಕ್ರಮ ತಪ್ಪಿದರೆ ಏನಾಗುತ್ತದೆ? ಕೊಂಜೊ ಎನ್ನುವ ರೋಗ ಬರುತ್ತದೆ. ಎರಡೂ ಕಾಲುಗಳು ಒಮ್ಮೆಗೇ ಸೆಟೆದುಕೊಂಡು, ಜೀವನಪರ್ಯಂತ ಹಾಗೆಯೇ ಉಳಿಯುತ್ತವೆ. ಕಾಂಗೊದ ಯಾಕಾ ಭಾಷೆಯಲ್ಲಿ ಕೊಂಜೊ ಎಂದರೆ ಕಟ್ಟಿದ ಕಾಲು. 1938ರಲ್ಲಿ ಟ್ರೋಲಿ ಎಂಬ ವೈದ್ಯರು ಅಲ್ಲಿ ಇದನ್ನು ಮೊದಲು ವಿವರಿಸಿದರು. 1981ರಲ್ಲಿ ಮೊಜಾಂಬಿಕ್‌ನ ನಂಪುಲಾ ಪ್ರಾಂತ್ಯದಲ್ಲಿ ಬರಗಾಲ ಬಿದ್ದಾಗ ಸಾವಿರಕ್ಕೂ ಹೆಚ್ಚು ಮಂದಿಗೆ ಬಂತು. ಹೆಚ್ಚಿನವರು ಹೆಂಗಸರು, ಮಕ್ಕಳು. ಅವರಿಗೆ ಕ್ರಮ ಗೊತ್ತಿರಲಿಲ್ಲ ಎಂದು ದಯವಿಟ್ಟು ಭಾವಿಸಬೇಡಿರಿ. ಬರದಲ್ಲಿ ವಿಷ ಹೆಚ್ಚಿರುವ ಕಹಿ ಗೆಣಸೇ ಉಳಿದಿತ್ತು, ಅದರಲ್ಲಿ ವಿಷ ಇನ್ನೂ ಏರಿತ್ತು, ಹಸಿದ ಮಕ್ಕಳು ಎದುರಿಗಿದ್ದರು. ವಾರಗಟ್ಟಲೆ ಒಣಗಿಸುವಷ್ಟು ಪುರುಸೊತ್ತು ಇರಲಿಲ್ಲ.

ಇದಕ್ಕೆ ಆಸ್ಟ್ರೇಲಿಯಾದ ಹೊವರ್ಡ್ ಬ್ರಾಡ್‌ಬರಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಒಂದು ಸುಲಭ ಉಪಾಯ ರೂಪಿಸಿದರು. ಮರಗೆಣಸಿನ ಹಿಟ್ಟಿಗೆ ನೀರು ಬೆರೆಸಿ, ಒಂದು ಸೆಂಟಿಮೀಟರ್ ಮೀರದಂತೆ ತೆಳ್ಳಗೆ ಹರಡಿ, ಬಿಸಿಲಿನಲ್ಲಿ ಎರಡು ಗಂಟೆ ಇಲ್ಲವೇ ನೆರಳಿನಲ್ಲಿ ಐದು ಗಂಟೆ ಬಿಡುವುದು. ಆಮೇಲೆ ಎಂದಿನಂತೆ ಮುದ್ದೆ ಮಾಡುವುದು. ಕಾಂಗೊದ ಹಳ್ಳಿಗಳ ಹೆಂಗಸರು ಇದನ್ನು ಕೈಗೆತ್ತಿಕೊಂಡರು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಮಲಾವಿ ದೇಶದ ನ್ಖಾಟಾ ಬೇ ಪ್ರದೇಶದಲ್ಲಿ ಹೆಂಗಸರು ಸಿಹಿ ಗೆಣಸಿಗಿಂತ ಕಹಿ ಗೆಣಸನ್ನೇ ಆರಿಸಿ ನೆಡುತ್ತಾರೆ. ಅಜ್ಞಾನದಿಂದಲ್ಲ. ಕಹಿ ಗೆಣಸನ್ನು ಕೋತಿ, ಹಂದಿ ಮುಟ್ಟುವುದಿಲ್ಲ, ಕಳ್ಳರೂ ಕಿತ್ತು ಅಲ್ಲೇ ತಿನ್ನುವಂತಿಲ್ಲ. ಒಂಟಿಯಾಗಿ ಮನೆ ನಡೆಸುವ ಹೆಂಗಸಿಗೆ ಗೆಣಸಿನ ವಿಷವೇ ಬೇಲಿ. ವಿಷ ತೆಗೆಯುವ ಹೆಚ್ಚಿನ ದುಡಿಮೆಯನ್ನು ಲೆಕ್ಕಹಾಕಿಯೇ ಅವಳು ಒಪ್ಪಿಕೊಂಡಿದ್ದಾಳೆ.

ಹೊಸ ಅಡುಗೆಮನೆ

ಅಮ್ಮಾ, ಓದಿ ಸ್ವಲ್ಪ ಹೆದರಿಕೆಯಾಯಿತು. ನಮ್ಮ ಸಬ್ಬಕ್ಕಿಯೂ ಮರಗೆಣಸಿನದೇ ಅಲ್ಲವೇ? ಮಗುವಿಗೆ ಗಂಜಿ ಮಾಡಿ ಕೊಡುತ್ತಿದ್ದೇನೆ.

ಧಾರವಾಡದ ನಿವೃತ್ತ ಅಧ್ಯಾಪಕಿ

ಹೆದರಬೇಡಮ್ಮ. ನಮ್ಮ ಅಂಗಡಿಗಳ ಸಬ್ಬಕ್ಕಿ ಹೆಚ್ಚಾಗಿ ಸೇಲಂ ಕಡೆಯದು. ಗೆಣಸನ್ನು ಅರೆದು, ಪಿಷ್ಟವನ್ನು ನೀರಿನಲ್ಲಿ ತೊಳೆದು ತಿಳಿಗೊಳಿಸಿ, ಕಾಳು ಕಟ್ಟಿ ಹುರಿದು ಒಣಗಿಸಿರುತ್ತಾರೆ. ಆದರೆ ಸಬ್ಬಕ್ಕಿ ಬರಿಯ ಪಿಷ್ಟ, ಮಗುವಿಗೆ ಅದೊಂದನ್ನೇ ಕೊಡಬೇಡ, ಬೇಳೆ ಕಟ್ಟು, ಹಾಲು ಜೊತೆಗಿರಲಿ. ಹಸಿ ಮರಗೆಣಸು ತಂದರೆ ಒಳಸಿಪ್ಪೆ ಪೂರ್ತಿ ತೆಗೆದು, ಸಣ್ಣ ಹೋಳು ಮಾಡಿ, ಹೆಚ್ಚು ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯಿಸಿ ಆ ನೀರನ್ನು ಚೆಲ್ಲು. ಸಿಪ್ಪೆಯನ್ನೂ ಎಲೆಯನ್ನೂ ದನಕ್ಕೆ ಹಸಿಯಾಗಿ ಹಾಕಬೇಡ.

ಜೋಯಿಡಾ ದಾರಿ

ಉತ್ತರ ಕನ್ನಡದ ಜೋಯಿಡಾದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಕುಣಬಿ ಸಮುದಾಯದವರು ಕಾಡಂಚಿನ ಹಿತ್ತಿಲುಗಳಲ್ಲಿ ಮುಡ್ಲಿ, ಕೋನ ಮುಂತಾದ ಗೆಡ್ಡೆಗಳನ್ನು ಬೆಳೆಯುತ್ತಾರೆ. ಯಾವ ಗೆಡ್ಡೆಯ ತುಂಡನ್ನು ಬೀಜಕ್ಕೆ ಇಡಬೇಕು, ಎಲ್ಲಿ ಹೂಳಿಟ್ಟರೆ ಮಳೆಗಾಲದವರೆಗೆ ಕೆಡುವುದಿಲ್ಲ ಎನ್ನುವುದು ಮನೆಯ ಹೆಂಗಸರಿಗೇ ಗೊತ್ತು. ಚಳಿಗಾಲದಲ್ಲಿ ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯುತ್ತದೆ. ಅಲ್ಲಿ ಒಬ್ಬ ಕುಣಬಿ ಅಜ್ಜಿ ನನ್ನ ಅಂಗೈ ಮೇಲೆ ಮುಡ್ಲಿ ಇಟ್ಟು, ಮೊಳಕೆಯ ಕಣ್ಣು ಎಲ್ಲಿದೆ ಎಂದು ಬೆರಳು ಹಿಡಿದು ಮುಟ್ಟಿಸಿ ತೋರಿಸಿದಳು. ಮೇಳದಲ್ಲಿ ಅವರೇ ಕುಳಿತು, ಅವರೇ ಬೆಲೆ ಹೇಳಿ, ಕಾಸನ್ನು ಅವರೇ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ. ಇನ್ನೊಬ್ಬರ ಯಂತ್ರಕ್ಕೆ ಕೊಡಬೇಕಾದದ್ದು ಏನೂ ಇಲ್ಲ.

ತುಮಕೂರಿನ ಎಂಜಿನಿಯರ್

ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ನಾನು ಕೊಟ್ಟ ಗಿರಣಿಯ ಉದಾಹರಣೆ ಇಲ್ಲಿಗೆ ಸರಿಯಾಗಿ ಹೊಂದುವುದಿಲ್ಲ. ನಮ್ಮ ತಾಯಿ ರಾಗಿ ಬೀಸುತ್ತಿದ್ದುದು ಮನೆಯ ಊಟಕ್ಕೆ. ಗಿರಣಿ ಬಂದಾಗ ಅವರಿಂದ ಹೋದದ್ದು ದುಡಿಮೆ ಮಾತ್ರ, ಆದಾಯ ಇರಲೇ ಇಲ್ಲವಲ್ಲ ಹೋಗುವುದಕ್ಕೆ. ಗಾರಿ ಹಾಗಲ್ಲ, ಅದು ಮಾರುವ ಸರಕು. ಮಾರುವ ಸರಕಿನ ನಟ್ಟನಡುವಿನ ಒಂದು ಹಂತ ಬೇರೆಯವನ ಕೈಗೆ ಹೋದರೆ ಇಡೀ ಸರಕಿನ ಲಗಾಮು ಅವನ ಕೈಗೆ ಹೋಯಿತು. ಅವನು ಬಾರದ ದಿನ ಸುಲಿದ ಗೆಣಸು ಕಪ್ಪಾಗುತ್ತದೆ, ನಷ್ಟ ಹೆಂಗಸರದು. ಇದನ್ನು ನಾನು ಮೊದಲು ನೋಡಿರಲಿಲ್ಲ.

ಸುಲಿಯುವುದಕ್ಕೆ ಏಕೆ ಯಂತ್ರ ಊರೂರಿಗೆ ಬಂದಿಲ್ಲ ಎನ್ನುವುದು ನನ್ನ ಕಸುಬಿನ ಪ್ರಶ್ನೆ. ಆಲೂಗಡ್ಡೆ ದುಂಡಗಿದೆ, ಒರಟು ಡ್ರಮ್ಮಿನಲ್ಲಿ ತಿರುಗಿಸಿದರೆ ಸಿಪ್ಪೆ ಹೋಗುತ್ತದೆ. ಮರಗೆಣಸು ಒಂದು ಉದ್ದ, ಒಂದು ಗಿಡ್ಡ, ಒಂದು ಸೊಟ್ಟ. ಡ್ರಮ್ಮಿಗೆ ಹಾಕಿದರೆ ಉಬ್ಬಿದ ಕಡೆ ತಿರುಳು ಹೋಗುತ್ತದೆ, ತಗ್ಗಿನಲ್ಲಿ ಸಿಪ್ಪೆ ಉಳಿಯುತ್ತದೆ. ಚಾಕು ಹಿಡಿದ ಕೈ ಆ ಸೊಟ್ಟಕ್ಕೆ ತಕ್ಕಂತೆ ತಿರುಗುತ್ತದೆ. ಮೇಡಂ, ಒಂದು ಉಪಕಾರ ಮಾಡಿ. ಏನು ಬೇಕು ಎಂದು ಆ ಹೆಂಗಸರನ್ನೇ ಕೇಳಿ. ನಾವು ಇಲ್ಲಿ ಕುಳಿತು ಊಹಿಸುವುದು ಬೇಡ.

ಒಗುನ್ ದಂಡೆ

ಕೇಳಿದೆ. ನಿನ್ನೆ ಹುರಿಯುವ ದಿನವಾಗಿತ್ತು, ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಇದ್ದೆ.

ಹನ್ನೊಂದು ಮಂದಿ ಒಂದೇ ಮಾತು ಹೇಳಲಿಲ್ಲ. ಚಿಕ್ಕ ವಯಸ್ಸಿನ ಇಬ್ಬರು ತುರಿಯುವ ಎಂಜಿನ್ ಎಂದರು. ಪ್ರತಿ ವಾರ ಸರದಿಯ ಮೇಲೆ ಕಾಸು ಕೂಡಿಸುವ ಚೀಟಿಯಂಥದ್ದು ಅವರಲ್ಲೂ ಇದೆ, ಅದನ್ನು ಎಸೂಸು ಎನ್ನುತ್ತಾರೆ. ಆ ಕಾಸನ್ನು ಒಬ್ಬೊಬ್ಬರಿಗೆ ಹಂಚದೆ ಎರಡು ವರ್ಷ ಒಟ್ಟಿಗೆ ಇಟ್ಟರೆ ಎಂಜಿನ್ ಆಗುತ್ತದೆ ಎನ್ನುವುದು ಅವರ ಲೆಕ್ಕ. ನಡುವಯಸ್ಸಿನವರು ಒಪ್ಪಲಿಲ್ಲ. ಮಕ್ಕಳ ಶಾಲೆಯ ಶುಲ್ಕ ಬರುವುದು ಆ ಸರದಿಯಿಂದಲೇ. ಒಬ್ಬಾಕೆ ಎದ್ದುನಿಂತು, ಎಂಜಿನ್ ಕೆಟ್ಟರೆ ಬಿಚ್ಚಿ ನೋಡುವವರು ನಮ್ಮಲ್ಲಿ ಯಾರಿದ್ದಾರೆ, ಮತ್ತೆ ಅವನ ಮನೆ ಬಾಗಿಲಿಗೇ ಹೋಗಬೇಕಲ್ಲ ಎಂದಳು.

ಇಯಾ ಎಲ್ಲರ ಮಾತು ಮುಗಿಯುವವರೆಗೂ ಹುರಿಯುತ್ತಲೇ ಇದ್ದರು. ಕಣ್ಣು ಕೆಂಪಾಗಿತ್ತು. ಅವರಿಗೆ ಬೇಕಾದದ್ದು ಹೊಗೆಕೊಳವೆ ಇರುವ ಒಲೆ. ಕೂರುವ ಕಡೆಗೆ ಗೋಡೆ, ಸೌದೆ ಹಾಕುವ ಬಾಯಿ ಗೋಡೆಯ ಆಚೆ. ಅಂಥದ್ದನ್ನು ಬೇರೆ ಊರಿನಲ್ಲಿ ನೋಡಿ ಬಂದಿದ್ದಾರೆ. ಇಬಾದಾನ್‌ನಲ್ಲಿ 1967ರಿಂದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಇದೆ. ಅಲ್ಲಿಂದ ಬಂದ ರೋಗ ತಡೆಯುವ ಗೆಣಸಿನ ತಳಿಗಳು ಈ ಸೀಮೆಯ ಹೊಲಗಳನ್ನೇ ಬದಲಾಯಿಸಿವೆ. ಇಯಾ ಅವರ ಚಪ್ಪರಕ್ಕೆ ಮಾತ್ರ ಇನ್ನೂ ಒಂದು ಹೊಗೆಕೊಳವೆ ಬಂದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಸಂಜೆ ಎಲ್ಲರೂ ಕುಳಿತು ಒಂದು ಹದದ, ಅಂದರೆ ಒಂದು ಸಲಕ್ಕೆ ಮಾಡುವ ಗಾರಿಯ, ಲೆಕ್ಕ ಬರೆದೆವು. ನೂರು ಕಿಲೋ ಗೆಣಸಿಗೆ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ಕಿಲೋ ಗಾರಿ ಇಳಿಯುತ್ತದೆ. ಅದನ್ನು ಇಲ್ಲಿ ತೂಗಿ ಮಾರುವುದಿಲ್ಲ, ಕೊಂಗೊ ಎನ್ನುವ ಬಟ್ಟಲಿನಲ್ಲಿ ಅಳೆಯುತ್ತಾರೆ, ನಮ್ಮ ಸೇರಿನ ಹಾಗೆ, ಮೇಲೆ ಗೋಪುರ ಕಟ್ಟಿ. ಗೆಣಸಿನ ಬೆಲೆ, ಸಾಗಣೆ, ತುರಿಯುವ ಬಾಡಿಗೆ, ಸೌದೆ, ಚೀಲ ಎಂದು ಚಿಕ್ಕವಳೊಬ್ಬಳು ಮಗನ ಶಾಲೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಸುಲಿದದ್ದಕ್ಕೆ ಎಷ್ಟು ಬರೆಯಲಿ ಎಂದು ಅವಳು ಕೇಳಿದಾಗ ಯಾರೂ ಮಾತನಾಡಲಿಲ್ಲ. ಕೊನೆಗೆ ಇಯಾ, ಹೊಲದಲ್ಲಿ ಕಳೆ ಕೀಳುವ ಆಳಿಗೆ ಕೊಡುವಷ್ಟನ್ನು ಬರೆ ಎಂದರು. ಹಾಗೆ ಬರೆದು ಕೂಡಿಸಿದರೆ ಆ ಹದದಲ್ಲಿ ನಷ್ಟವಾಗಿತ್ತು.

ಅವಳು ಮತ್ತೊಮ್ಮೆ ಕೂಡಿಸಿದಳು.

ತುಮಕೂರಿನ ಎಂಜಿನಿಯರ್

ಆ ಹಾಳೆಯ ಚಿತ್ರ ಕಳುಹಿಸಲು ಸಾಧ್ಯವೇ, ಅವರು ಒಪ್ಪಿದರೆ ಮಾತ್ರ? ಒಲೆಯದ್ದೂ ಅಳತೆ ಬೇಕು. ಬಾಣಲೆ ಎಷ್ಟು ಅಗಲ, ನೆಲದಿಂದ ಎಷ್ಟು ಎತ್ತರ, ಇಯಾ ಅವರು ಯಾವ ಬದಿಗೆ ಕುಳಿತು ಹುರಿಯುತ್ತಾರೆ? ಮಣ್ಣು, ಇಟ್ಟಿಗೆ ಅಲ್ಲೇ ಸಿಗುವುದಾದರೆ ಕೊಳವೆಯ ನಕ್ಷೆ ನಾನು ಬರೆದು ಕೊಡುತ್ತೇನೆ.

ಒಗುನ್ ದಂಡೆ

ಬಾಣಲೆ ನನ್ನ ಎರಡು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಎತ್ತರವನ್ನು ಶನಿವಾರ ಅಳೆದು ತರುತ್ತೇನೆ. ಇಯಾ ಎಡಗೈಯವರು, ಬಾಣಲೆಯ ಬಲಬದಿಗೆ ಕೂರುತ್ತಾರೆ.